ಬೈದು ದಾಟಿಸುತ್ತಿದ್ದ ಭೂತಮ್ಮ

ಮಾಲನ್ನು ಮೊದಲು ಹೊರಗಿನಿಂದ ನೋಡಬೇಕು. ಭೂತಮ್ಮನ ಎತ್ತರ ಬಾಗಿಲಿನ ಅಗುಳಿಗಿಂತ ತುಸು ಮೇಲೆ. ಗಾತ್ರ ಹೇಳಿಕೊಳ್ಳುವಂಥದ್ದಲ್ಲ, ಅರ್ಧ ತುಂಬಿದ ಗೋಣಿಚೀಲವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ ಹಾಗೆ. ಮೊಣಕಾಲಿನಿಂದ ಕೆಳಕ್ಕೆ ಚರ್ಮ ಕಪ್ಪಗೆ, ಬಿರುಸಾಗಿ, ಒಣಗಲು ಹಾಕಿದ ತೊಗಲಿನಂತೆ. ಒಂದು ಕಿವಿ ಖಾಲಿ, ಇನ್ನೊಂದರಲ್ಲಿ ಇದ್ದದ್ದು ಹಿತ್ತಾಳೆ. ಹಲ್ಲು ಮಾತ್ರ ಪೂರ್ತಿ ಇದ್ದವು, ಎಲೆ ಅಡಿಕೆಯಿಂದ ಕೆಂಪಾಗಿ. ಸಂತೆಯಲ್ಲಿ ಎದುರಾದರೆ ಯಾರೂ ಎರಡನೆಯ ಸಲ ತಿರುಗಿ ನೋಡುವ ಹೆಂಗಸಲ್ಲ. ಆದರೆ ವ್ಯಾಪಾರಿಯಾದವನು ಅಲ್ಲಾಡಿಸಿ ನೋಡದೆ ದರ ಕಟ್ಟಬಾರದು. ಅಲ್ಲಾಡಿಸಿದರೆ ತಿಳಿಯುತ್ತಿತ್ತು, ಒಳಗೆ ತುಂಬಿದ್ದದ್ದು ಪೂರಾ ಸಿಟ್ಟು. ಕಲಬೆರಕೆ ಇಲ್ಲ, ಕಲ್ಲು ಹರಳು ಇಲ್ಲ. ಅಷ್ಟು ಶುದ್ಧವಾದ ಸರಕು ನಮ್ಮ ಅಂಗಡಿಗೆ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಆಲೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ರುದ್ರಯ್ಯನವರು ಅವಳನ್ನು ಮೊದಲ ಸಲ ಹೀಗೆ ಅಳೆದದ್ದು ೧೮೯೫ರ ಸುಗ್ಗಿ ಮುಗಿದ ಮೇಲೆ, ಹೊಂಗಡಹಳ್ಳದಿಂದ ಬಿಸಿಲೆಯ ಕಡೆಗೆ ಹೋಗುವಾಗ ಸಿಗುವ ಒಂದು ಹಡ್ಲಿನ ಅಂಚಿನಲ್ಲಿ. ಎರಡು ಗುಡ್ಡಗಳ ನಡುವೆ ನೀರು ಇಂಗದೆ ನಿಂತು, ಮೇಲೆ ಹುಲ್ಲು ಜೊಂಡು ಬೆಳೆದ ಜೌಗು ನೆಲಕ್ಕೆ ಆ ಕಡೆಯವರು ಹಡ್ಲು ಎನ್ನುತ್ತಾರೆ. ದೂರದಿಂದ ನೋಡಿದರೆ ದನ ಬಿಡುವ ಹುಲ್ಲುಗಾವಲು. ಕಾಲಿಟ್ಟರೆ ಗೊತ್ತಾಗುತ್ತದೆ. ಹುಲ್ಲಿನ ಅಡಿಯಲ್ಲಿ ಒಂದು ಎಮ್ಮೆಯ ಅಗಲಕ್ಕೆ ತುಸು ಗಟ್ಟಿ ನೆಲ ಬಳಸಿಕೊಂಡು ಹೋಗಿತ್ತು. ಆ ಗಟ್ಟಿಯೂ ಎಂಥದ್ದೆಂದರೆ, ನಡೆಯುತ್ತಿದ್ದವನನ್ನು ಹೊರುತ್ತಿತ್ತು, ನಿಂತವನನ್ನು ನುಂಗುತ್ತಿತ್ತು. ಗುಡ್ಡ ಸುತ್ತಿಕೊಂಡು ಹೋದರೆ ಆಚೆ ದಡಕ್ಕೆ ಇಡೀ ದಿನದ ದಾರಿ. ಹಡ್ಲಿನ ನಡುವೆ ಹೋದರೆ ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತು. ದಾಟಿಸುವವಳು ಭೂತಮ್ಮ. ಆಚೆಯ ಹಳ್ಳಿಯವರು ಸುಗ್ಗಿಯಲ್ಲಿ ಅವಳಿಗೆ ಭತ್ತ ಅಳೆದು ಕೊಡುತ್ತಿದ್ದರು. ಈಚೆ ದಡದಲ್ಲಿ ಅವಳ ಗುಡಿಸಲು, ಎರಡು ಎಮ್ಮೆ.

ಅವಳು ದಾಟಿಸುತ್ತಿದ್ದದ್ದು ಬೈದು. ನಿಂತವನು ಹೂತುಹೋಗುತ್ತಾನೆ, ನಿಲ್ಲದ ಹಾಗೆ ಮಾಡಲು ಬೈಗುಳಕ್ಕಿಂತ ಒಳ್ಳೆಯ ಚಾಟಿ ಇಲ್ಲ ಎನ್ನುವುದು ಅವಳ ಲೆಕ್ಕ. ಗೌಡನಾಗಲಿ, ಶ್ಯಾನುಭೋಗನಾಗಲಿ, ಹಡ್ಲಿಗೆ ಇಳಿದ ಮೇಲೆ ಎಲ್ಲರಿಗೂ ಒಂದೇ ತೂಕ. ಆಚೆ ದಡ ಮುಟ್ಟಿದ ಕೂಡಲೇ ಬೈಸಿಕೊಂಡವರು ಅವಳ ಕೈಗೆ ಎಲೆ ಅಡಿಕೆ ಕೊಡಬೇಕು. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡು, "ದಾಟಾಯ್ತು ಬುದ್ಧಿ" ಅನ್ನಬೇಕು. ಅಲ್ಲಿಗೆ ಆಡಿದ ಮಾತೆಲ್ಲ ಕೆಸರಿಗೆ ಸೇರಿತು. ಮತ್ತೆ ಯಾರೂ ಅದನ್ನು ಎತ್ತುವ ಹಾಗಿಲ್ಲ. ಇದು ಆ ಕಡೆಯ ರೂಢಿ.

ಈ ಕೆಲಸ ಮೊದಲು ಅವಳ ಗಂಡ ಸೋಮಯ್ಯನದು. ಬಲು ಮೆದು ಮನುಷ್ಯ, ಕರುವಿಗೂ ಗದರಿಸಿದವನಲ್ಲ. ಒಂದು ದಿನ ಹಡ್ಲಿನ ನಡುವೆ ಇರುವಾಗ ದಡದಿಂದ ಕುದುರೆಯ ಮೇಲಿದ್ದ ಯಾರೋ ದೊಡ್ಡವರು ದಾರಿ ಕೇಳಿದರು. ದೊಡ್ಡವರಿಗೆ ನಡೆಯುತ್ತ ಉತ್ತರ ಕೊಡುವುದುಂಟೆ? ಸೋಮಯ್ಯ ನಿಂತು, ಕೈ ಮುಗಿದು, ದಾರಿ ಹೇಳಿದ. ಹೇಳಿ ಮುಗಿಯುವುದರೊಳಗೆ ಸೊಂಟದವರೆಗೆ ಇಳಿದಿದ್ದ. ಕುದುರೆಯವರು ದಾರಿ ತಿಳಿಯಿತಲ್ಲ, ಹೊರಟುಹೋದರು. ಸಂಜೆಗೆ ಯಾರೋ ಕಂಡು ಎಳೆದು ಹಾಕಿದರು. ಎದೆಗೆ ಶೀತ ಹೊಕ್ಕು, ಜ್ವರ ಬಂದು, ಅಮಾವಾಸ್ಯೆ ಕಾಣದೆ ಹೋದ. "ನನ್ ಗಂಡ ಜ್ವರ ಬಂದು ಸಾಯ್ಲಿಲ್ಲ, ಕೈ ಮುಗ್ದು ಸತ್ತ" ಎಂದು ಭೂತಮ್ಮ ಹೇಳುತ್ತಿದ್ದಳು. ಅವಳ ಸಿಟ್ಟಿನ ಬುಡ ಅಲ್ಲಿ.

ಇನ್ನು ರುದ್ರಯ್ಯನವರು ಆ ಕಾಡಿಗೆ ಯಾಕೆ ಹೋದರು? ಗಿರಾಕಿಯನ್ನು ಹಿಡಿಯಲು. ಸಕಲೇಶಪುರದಲ್ಲಿ ಕಾಫಿ ವ್ಯಾಪಾರ ಮಾಡುತ್ತಿದ್ದ ಲಾಜರಸ್ ಅವರ ಹೆಂಡತಿ ಇಸಾಬೆಲ್, ಆ ಇಸಾಬೆಲ್ ಅವರ ತಮ್ಮ ಥಿಯೋಡೋರ್ ಈ ಗಿರಾಕಿ. ಆತ ಮಂಗಳೂರಿನಿಂದ ಬಂದು, ಹಡ್ಲಿನ ಆಚೆಗೆ ಎಸ್ಟೇಟ್ ಮಾಡಲು ಹೊಸದಾಗಿ ಕಾಡು ಕೊಂಡಿದ್ದರು. ಹಡ್ಲಿನ ಈಚೆ ದಡವೂ ಆ ಜಮೀನಿನ ಪಟ್ಟೆಗೇ ಸೇರಿತ್ತು. ಎಸ್ಟೇಟ್ ಆದರೆ ಲೈನು ಮನೆಗಳಲ್ಲಿ ಆಳುಗಳು, ಆಳುಗಳಿದ್ದರೆ ಅಕ್ಕಿ, ರಾಗಿ, ಮೆಣಸಿನಕಾಯಿ. ಥಿಯೋಡೋರ್ ಅವರು, "ಗುಡಾರ ಹಾಕಿ ನಾಲ್ಕು ದಿನ ಇದ್ದು, ಜಾಗ ನೋಡಿ, ಹಡ್ಲಿನಲ್ಲಿ ಹಕ್ಕಿ ನೋಡಿ ಬರೋಣ" ಎಂದದ್ದೇ ತಡ, ಪ್ರಾಯಕ್ಕೆ ಬಂದಂದಿನಿಂದ ಹಕ್ಕಿಯ ಕಡೆ ತಲೆ ಎತ್ತಿ ನೋಡಿರದ ರುದ್ರಯ್ಯನವರಿಗೂ ಕೊಕ್ಕರೆಯ ಮೇಲೆ ಪ್ರೀತಿ ಉಕ್ಕಿತು.

ಅವರ ಗಾಡಿ ಆಲೂರಿನಿಂದ ಹೊರಟು ಮಗ್ಗೆಯಲ್ಲಿ ತಂಗಿ, ಸಕಲೇಶಪುರದ ಗಾಡಿಗಳನ್ನು ಹೊಂಗಡಹಳ್ಳದ ಹತ್ತಿರ ಕೂಡಿಕೊಂಡಿತು. ಮೊದಲ ಬಿಡಾರ ಬಯಲಿನಲ್ಲಿ. ರುದ್ರಯ್ಯನವರ ಒಲೆ ಒಂದು ತುದಿಗೆ, ಲಾಜರಸ್ ಅವರದು ಇನ್ನೊಂದು ತುದಿಗೆ. ಅಲ್ಲಿ ಕೋಳಿ ಬೇಯುತ್ತಿತ್ತು, ಇಲ್ಲಿ ಬರೀ ಹುರುಳಿ. ಗಾಳಿ ಎತ್ತ ತಿರುಗಿದರೂ ರುದ್ರಯ್ಯನವರು ಒಲೆಯನ್ನು ಅದು ಬೀಸದ ಕಡೆಗೆ ಹೊತ್ತುಕೊಂಡು ಹೋಗುತ್ತಿದ್ದರು.

"ಎಂತ ರುದ್ರಯ್ಯನವ್ರೇ, ಒಲೆಗೂ ಊರು ತೋರಿಸ್ತಾ ಇದ್ದೀರಾ?" ಎಂದರು ಇಸಾಬೆಲ್.

"ಗಾಳಿಗೆ ಜಾತಿ ಗೊತ್ತಾಗಲ್ವಲ್ಲ ಇಸಾಬೆಲಮ್ಮ, ನಾವೇ ಜಾಗ ಬಿಡಬೇಕು" ಎಂದರು ರುದ್ರಯ್ಯನವರು.

ಥಿಯೋಡೋರ್ ಅವರು ನಗಲಿಲ್ಲ. ಅವರಿಗೆ ದೊರೆ ಎನ್ನಿಸಿಕೊಳ್ಳುವ ಆಸೆ. ಟೋಪಿ ಬಂದಿತ್ತು, ಮೊಣಕಾಲಿನವರೆಗಿನ ಬೂಟ್ಸು ಬಂದಿತ್ತು, ಬಣ್ಣ ಮಾತ್ರ ನಮ್ಮದೇ ಉಳಿದಿತ್ತು. ಅದರ ಕೊರತೆಯನ್ನು ಅವರು ಮಾತು ಕಡಿಮೆ ಮಾಡಿ ತುಂಬಿಸುತ್ತಿದ್ದರು.

ಬೆಳಗ್ಗೆ ಹಡ್ಲಿನ ಅಂಚಿಗೆ ಬಂದರು. ಭೂತಮ್ಮ ಕೈಯಲ್ಲಿ ಬಿದಿರಿನ ಗಳ ಹಿಡಿದು, ಸೆರಗು ಬಿಗಿದು ನಿಂತಿದ್ದಳು.

"ಆಳ ಉಂಟಾ ಇದರಲ್ಲಿ?" ಇಸಾಬೆಲ್ ಕೇಳಿದರು.

"ನಿಂತೋರ್ಗೆ ಐತೆ ಕಣ್ರವ್ವ. ನಡ್ದೋರ್ಗೆ ಇಲ್ಲ" ಎಂದಳು. ಆಮೇಲೆ ಎಲ್ಲರ ಕಡೆ ತಿರುಗಿ, "ಬುದ್ಧೇರೆ, ಒಂದ್ ಮಾತು. ಇಳ್ದ ಮ್ಯಾಲೆ ನನ್ ಬಾಯಿ ನನ್ ಮಾತ್ ಕೇಳಲ್ಲ. ಆ ದಡಕ್ಕೋಗಿ ಎಲೆ ಅಡ್ಕೆ ಕೊಟ್ಬುಡಿ, ಅಲ್ಲಿಗೆ ಮುಗೀತು. ಮನ್ಸಿಗೆ ಹಚ್ಕಬ್ಯಾಡಿ."

ಲಾಜರಸ್ ನಕ್ಕು ತಲೆ ಆಡಿಸಿದರು. ಆ ಮಾತು ಹಿಂದೆ ಸಾಮಾನು ಹೊತ್ತ ಆಳುಗಳಿಗೆ ಹೇಳಿದ್ದೆಂದು ಥಿಯೋಡೋರ್ ಅವರು ತಿಳಿದುಕೊಂಡರು.

ಹತ್ತು ಹೆಜ್ಜೆ ಹೋಗಿರಲಿಲ್ಲ, ಶುರುವಾಯಿತು.

"ಲೋ ಅಂಗ್ಡಿ ಅಯ್ಯ, ಯಾವ ಗಿರಾಕಿಗೆ ಕಾಯ್ತಾ ಇದೀಯೋ? ಎತ್ತು ಕಾಲ. ಹೊಟ್ಟೆ ಮುಂದೆ ಹೊಂಟೋಯ್ತು, ನೀನು ಹಿಂದೆ ಬತ್ತಾ ಇದೀಯ. ಇಬ್ರೂ ಒಂದ್ಕಡೆ ಸೇರ್ಕಳ್ರೋ."

ರುದ್ರಯ್ಯನವರಿಗೆ ಅವರ ಹೆತ್ತ ತಾಯಿಯೂ ಹೀಗೆ ಅಂದಿರಲಿಲ್ಲ. ಕಾಲು ತಾನಾಗಿ ಎದ್ದಿತು.

"ಏ ಉದ್ದನೋನೆ" ಎಂದಳು ಲಾಜರಸ್ ಅವರಿಗೆ. "ಕೊಕ್ರೆ ನೋಡಾಕೆ ಬಂದೋನು ನೀನೇ ಕೊಕ್ರೆಯಂಗೆ ಒಂಟಿ ಕಾಲಲ್ಲಿ ನಿಂತ್ಕಂಡ್ಯಲ್ಲೋ. ಮೀನು ಬೇಕಾ ನಿಂಗೆ? ಅಮ್ಮಿ, ಸೀರೆ ಎತ್ಕಂಡು ನಡಿ. ಇದೇನ್ ಮದುವೆ ಮನೆ ಹಜಾರ ಅಲ್ಲ."

ಇಸಾಬೆಲ್ ಅವರಿಗೆ ಗುಟ್ಟು ತಟ್ಟನೆ ಹತ್ತಿತು. "ನಿನ್ನ ಬಾಯಿಗೆ ಗಾಂಧಾರಿ ಮೆಣಸು ಅರೆದು ಹಾಕ್ಬೇಕು ಮಾರಾಯ್ತಿ" ಎಂದು ತಿರುಗಿ ಬೈಯುತ್ತಲೇ ನಡೆದರು. ಭೂತಮ್ಮನಿಗೆ ಖುಷಿಯಾಯಿತು. ಹೀಗೆ ಬೈದುಕೊಂಡು ನಡೆಯುವವರು ಎಂದೂ ಹೂತುಹೋಗುವುದಿಲ್ಲ.

ಆಮೇಲೆ ಥಿಯೋಡೋರ್ ಅವರ ಸರದಿ. "ಏಯ್ ಬೂಟ್ಸಿನೋನೆ, ಕಾಲಿಗೆ ಎರಡು ಕೊಡಪಾನ ಕಟ್ಕಂಡು ಬಂದಿದೀಯಲ್ಲೋ, ನೀರ್ ಸೇದ್ಕಂಡು ಹೋಗಾಕಾ? ನಡಿಯೋ ಮುಂಡೇದೆ."

ಥಿಯೋಡೋರ್ ನಿಂತರು. "ಯಾರಿಗೆ ಹೇಳ್ತಾ ಇದ್ದೀ ಗೊತ್ತುಂಟಾ ನಿನಗೆ?"

"ನಿಂತೋನ್ಗೆ ಹೇಳ್ತಾ ಇದೀನಿ."

ಅವರು ಇನ್ನೊಂದು ಮಾತು ಹುಡುಕುವುದರೊಳಗೆ ಕೆಸರು ಬೂಟ್ಸಿನ ಬಾಯಿಗೆ ಬಂದಿತ್ತು. ಭೂತಮ್ಮ ಹಿಂದಕ್ಕೆ ಬಂದು, ರಟ್ಟೆ ಹಿಡಿದು ಎಳೆದು, ಎಮ್ಮೆಗೆ ಕೊಡುವ ಹಾಗೆ ಮೀನಖಂಡಕ್ಕೆ ಗಳದಿಂದ ಒಂದು ಕೊಟ್ಟಳು. ಥಿಯೋಡೋರ್ ಅವರು ಮೇಲೆ ಬಂದರು. ಬೂಟ್ಸು ಬರಲಿಲ್ಲ.

ಆಚೆ ದಡದ ದಿಬ್ಬದ ಮೇಲೆ ಕೂತರು. ಹಡ್ಲಿನ ತುಂಬ ಬಿಳಿಯ ಕೊಕ್ಕರೆಗಳು, ಜೊಂಡಿನ ಸಂದಿಯಲ್ಲಿ ನೀರುಕೋಳಿಗಳು. ಯಾರೂ ಸರಿಯಾಗಿ ನೋಡಲಿಲ್ಲ. ರುದ್ರಯ್ಯನವರು, ಲಾಜರಸ್, ಇಸಾಬೆಲ್ ಎಲೆ ಅಡಿಕೆ ಕೊಟ್ಟರು. ಭೂತಮ್ಮ ಕಣ್ಣಿಗೆ ಒತ್ತಿಕೊಂಡು, "ದಾಟಾಯ್ತು ಬುದ್ಧಿ" ಎಂದಳು. ಥಿಯೋಡೋರ್ ಅವರು ಕೊಡಲಿಲ್ಲ. ಬರಿಗಾಲಿನಲ್ಲಿ ಎದ್ದು ನಿಂತು, ತಾವು ಹೊರಟ ದಡದಲ್ಲಿ ಕಾಣುತ್ತಿದ್ದ ಗುಡಿಸಲಿನ ಕಡೆ ಬೆರಳು ಮಾಡಿದರು.

"ಆ ಗುಡಿಸಲು ನಿಂತ ನೆಲ ನನ್ನದು. ಇವಳು ಎಲ್ಲರ ಮುಂದೆ ನನ್ನ ಕಾಲು ಮುಟ್ಟಿ ತಪ್ಪಾಯಿತು ಅನ್ನಬೇಕು. ಇಲ್ಲದಿದ್ದರೆ ನಾಳೆಯೇ ಗುಡಿಸಲು ಕೀಳಿಸ್ತೇನೆ. ಎಮ್ಮೆಯೂ ಅಲ್ಲಿ ಮೇಯಬಾರದು."

"ತಪ್ಪು ಮಾಡಿದ್ರೆ ತಾನೆ ತಪ್ಪಾಯ್ತು ಅನ್ನೋದು" ಎಂದಳು ಭೂತಮ್ಮ. "ಕಾಲು ಮುಟ್ಟು ಅಂತೀರಲ್ಲ, ಆ ಕಾಲು ಕೆಸ್ರಿಂದ ಎತ್ಕೊಟ್ಟೋಳು ಯಾರು ಬುದ್ಧಿ?"

ಇಸಾಬೆಲ್ ತಮ್ಮನನ್ನು ಗದರಿಸಿದರು. ಅವರು ಕೇಳಲಿಲ್ಲ. ಆಗ ರುದ್ರಯ್ಯನವರೊಳಗಿನ ವ್ಯಾಪಾರಿ ಎದ್ದು ಕೂತ. ಈ ಕಡೆ ಮುಂದೆ ಆಗಬೇಕಾದ ಗಿರಾಕಿ, ಆ ಕಡೆ ಹೊತ್ತು ಮುಳುಗುವ ಮುಂಚೆ ತಮ್ಮನ್ನು ಬಿಡಾರಕ್ಕೆ ವಾಪಸು ದಾಟಿಸಬೇಕಾದ ಹೆಂಗಸು. ಎರಡನ್ನೂ ಕಳೆದುಕೊಳ್ಳುವ ಹಾಗಿಲ್ಲ. ಇಂಥ ಹೊತ್ತಿನಲ್ಲಿ ವ್ಯಾಪಾರಿಗೆ ಒಂದೇ ವಿದ್ಯೆ ಗೊತ್ತು, ನಡುವೆ ಗೆರೆ ಎಳೆಯುವುದು.

"ಕ್ಷಮೆ ಬೇಡ, ಬೈಗುಳವೂ ಬೇಡ" ಎಂದರು. "ಹೋಗುವಾಗ ಮರ್ಯಾದೆಯ ಮಾತಿನಲ್ಲೇ ದಾಟಿಸಲಿ. ಒಂದು ಕೆಟ್ಟ ಮಾತು ಬರದಿದ್ದರೆ ಗುಡಿಸಲು ಉಳೀಲಿ. ಏನಂತೀರಿ?"

ಥಿಯೋಡೋರ್ ಅವರು ತಲೆ ಅಲ್ಲಾಡಿಸಿ ಒಪ್ಪಿದರು. ಭೂತಮ್ಮ ರುದ್ರಯ್ಯನವರನ್ನೇ ನೋಡಿದಳು.

"ಅಯ್ನೋರೆ, ನೀವು ನಾಳಿಂದ ತಕ್ಕಡಿ ಮುಟ್ದೆ ವ್ಯಾಪಾರ ಮಾಡಿ ಅಂದ್ರೆ ಮಾಡ್ತೀರಾ?"

"ಒಂದು ಸಲ ಕಣಮ್ಮ. ಮನೆ ಉಳೀತದೆ. ಸ್ವಲ್ಪ ಬಗ್ಗಿದ್ರೆ ಏನು ಹೋಯ್ತು?"

ಬಗ್ಗುವುದು ಅವಳು. ಗೆರೆ ಎಳೆದವರ ಗಂಟೇನೂ ಹೋಗುವುದಿಲ್ಲ. ಯಾವ ಮಧ್ಯಸ್ಥಿಕೆಯಲ್ಲಿಯೂ ಬಗ್ಗುವವನು ಮೊದಲೇ ಗೊತ್ತಾಗಿರುತ್ತಾನೆ. ಇಷ್ಟು ಬೆನ್ನು ಬಗ್ಗಿಸಿದವರು ಇನ್ನಷ್ಟು ಬಗ್ಗಿಸಲಿ ಎನ್ನುವುದನ್ನೇ ಊರಿನಲ್ಲಿ ನ್ಯಾಯ ಎಂದು ಕರೆಯುತ್ತಾರೆ. ಭೂತಮ್ಮ ಗುಡಿಸಲಿನ ಹತ್ತಿರ ಮೇಯುತ್ತಿದ್ದ ಎಮ್ಮೆಗಳ ಕಡೆ ಒಂದು ಗಳಿಗೆ ನೋಡಿದಳು. ಹಲ್ಲು ಕಚ್ಚಿದ್ದು ದವಡೆಯಲ್ಲಿ ಕಾಣುತ್ತಿತ್ತು. "ಆಯ್ತು ಬುದ್ಧಿ" ಎಂದಳು. ಅಷ್ಟು ಸಣ್ಣ ದನಿ ಆ ಬಾಯಲ್ಲಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ರುದ್ರಯ್ಯನವರು ಒಳ್ಳೆಯ ವ್ಯಾಪಾರ ಕುದುರಿಸಿದೆನೆಂದು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡರು.

ಹೊರಟರು. ಮುಂದೆ ಭೂತಮ್ಮ, ಅವಳ ಹಿಂದೆ ಥಿಯೋಡೋರ್, ಆಮೇಲೆ ಲಾಜರಸ್, ರುದ್ರಯ್ಯನವರು, ಕಡೆಗೆ ಇಸಾಬೆಲ್. ಆಳುಗಳು ದಿಬ್ಬದ ಮೇಲೆ ಸಾಮಾನು ಕಟ್ಟುತ್ತ ಉಳಿದಿದ್ದರು.

"ದಯಮಾಡ್ಸಿ ಬುದ್ಧಿ. ಹೆಜ್ಜೆ ಬ್ಯಾಗ ಇಡ್ಬೇಕು ಬುದ್ಧಿ. ಇಲ್ಲಿ ವಸಿ ಎಡಕ್ಕೆ ಬರ್ಬೇಕು ಬುದ್ಧಿ."

ಮರ್ಯಾದೆ ಸಿಕ್ಕಿದ್ದೇ ಗಂಡಸರಿಗೆ ತಾವು ದೊಡ್ಡಮನುಷ್ಯರು ಎನ್ನುವುದು ನೆನಪಿಗೆ ಬಂತು. ದಾರಿ ಕಿರಿದಾದ ಕಡೆ ಲಾಜರಸ್ ನಿಂತು, "ನೀವು ಮುಂದೆ ಹೋಗಿ ರುದ್ರಯ್ಯನವ್ರೇ, ವಯಸ್ಸಿನಲ್ಲಿ ಹಿರಿಯರು" ಎಂದರು. ರುದ್ರಯ್ಯನವರು ನಿಂತು, "ಉಂಟೆ, ನಾನು ಜೊತೆಗೆ ಬಂದವನು, ನೀವು ನಡೀರಿ" ಎಂದರು. ಮುಂದೆ ಥಿಯೋಡೋರ್ ಅವರೂ ನಿಂತು, ಹಿಂದಕ್ಕೆ ತಿರುಗಿ, "ನೋಡಿದ್ರಾ? ಕಲಿಸಿದರೆ ಇವರೂ ಕಲೀತಾರೆ" ಎಂದರು. ಅಂಗಡಿಯ ಬಾಗಿಲಲ್ಲಿ ಇಂಥ ಉಪಚಾರದಿಂದ ಯಾರೂ ಸತ್ತದ್ದಿಲ್ಲ. ಅದೇ ಅಭ್ಯಾಸದಲ್ಲಿ ಮೂವರೂ ಹಡ್ಲಿನ ನಡುವೆ ಒಬ್ಬರಿಗೊಬ್ಬರು ದಾರಿ ಬಿಡುತ್ತ ನಿಂತರು.

"ನಿಲ್ಬಾರ್ದು ಬುದ್ಧಿ" ಎಂದಳು ಭೂತಮ್ಮ. ಆ ಸಣ್ಣ ದನಿಗೆ ಯಾರ ಕಾಲೂ ಏಳಲಿಲ್ಲ.

ಮೂವರಲ್ಲಿ ತೂಕ ಹೆಚ್ಚಿದ್ದವರು ರುದ್ರಯ್ಯನವರು. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟದ್ದೂ ತಪ್ಪಾಯಿತು. ಮೊಣಕಾಲು ಹೋಯಿತು, ತೊಡೆ ಹೋಯಿತು, ಕಾಲು ಎತ್ತಲು ನೋಡಿದಷ್ಟೂ ಕೆಳಗಿನಿಂದ ಯಾರೋ ಹಿಡಿದು ಎಳೆದ ಹಾಗಾಯಿತು. ತಣ್ಣಗಿನ ಕೆಸರು ಸೊಂಟಕ್ಕೆ ಬಂದಾಗಲೂ ಅವರು, "ಅವಸರ ಏನಿಲ್ಲ ಕಣಮ್ಮ, ನಿಧಾನಕ್ಕೆ ಎತ್ತು" ಎಂದರು. ಆಮೇಲೆ ಹೊಟ್ಟೆಯೂ ಮುಳುಗಿತು. ಮನೆಯಲ್ಲಿ ಜಗದಾಂಬಮ್ಮ ಒಬ್ಬರೇ, ಮಕ್ಕಳಿರಲಿಲ್ಲ. ಅಂಗಡಿಯ ಬೀಗದ ಕೈ ಸೊಂಟದಲ್ಲಿತ್ತು. ಅದೂ ತಮ್ಮ ಜೊತೆಗೇ ಹೋಗುತ್ತದೆ ಎನ್ನುವುದು ಹೊಳೆದಾಗ ಅವರಿಗೆ ನಿಜವಾದ ಭಯವಾಯಿತು.

ಇಸಾಬೆಲ್ ಒಬ್ಬರೇ ಇದ್ದಲ್ಲೇ ಕಾಲು ಎತ್ತಿ ಎತ್ತಿ ಇಡುತ್ತಿದ್ದರು. "ಬೈ ಮಾರಾಯ್ತಿ. ಎಂತ ನೋಡ್ತಾ ಇದ್ದೀ? ಬೈ ಇವರಿಗೆ" ಎಂದು ಕೂಗಿದರು.

"ಮಾತ್ ಕೊಟ್ಟಿದೀನಿ ಕಣ್ರವ್ವ" ಎಂದಳು ಭೂತಮ್ಮ. "ಬಾಯಿ ಬಿಟ್ರೆ ಗುಡಿಸ್ಲು ಹೋಗ್ಬುಡ್ತದೆ."

ಆಗ ರುದ್ರಯ್ಯನವರು ಕೆಸರಿನಿಂದ ಎರಡೂ ಕೈ ಎತ್ತಿ, ಜೋಡಿಸಿ, ಅವಳಿಗೆ ಮುಗಿದರು. ಭೂತಮ್ಮ ಆ ಕೈಗಳನ್ನು ನೋಡಿದಳು. ಅವಳ ಮುಖದ ಬಣ್ಣವೇ ಬೇರೆಯಾಯಿತು.

"ಇಳ್ಸೋ ಕೈಯ."

ಜೊಂಡಿನಲ್ಲಿದ್ದ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು.

"ಇಳ್ಸೋ ಅಂದ್ರೆ. ಕೈ ಮುಗ್ದು ಹೂತೋದೋನ್ನ ಒಬ್ಬನ್ನ ಕಂಡಿದೀನಿ, ಸಾಕು. ಮಕಾಡೆ ಮಲಗೋ, ಎಮ್ಮೆ ಮಲಗಲ್ವಾ ಹಂಗೆ. ಬಟ್ಟೆ ಕೊಳೆಯಾಯ್ತದೆ ಅಂತ ನೋಡ್ತೀಯ? ಮೈಯೇ ಮಣ್ಣಾಯ್ತಾ ಐತೆ ಕಣೋ. ಹಿಡ್ಕ ಗಳಾನ. ನಿನ್ನ ಅರ್ಧಂಬರ್ಧ ನ್ಯಾಯ ನನ್ ಮನೆ ತಿಂತು, ಈಗ ನಿನ್ನೇ ತಿಂತಾ ಐತೆ, ಕೊಡು ಅದಕ್ಕೂ ಒಂದು ಅರ್ಧ. ಏಯ್ ಉದ್ದನೋನೆ, ದಾರಿ ಬಿಡಾಕೆ ಇದೇನ್ ನಿಮ್ಮಪ್ಪನ ಪಡಸಾಲೆಯಾ? ನಡಿ. ಅಮ್ಮಿ, ಗಳದ ಆ ತುದಿ ಎಳಿ."

ಆಮೇಲೆ ಥಿಯೋಡೋರ್ ಅವರ ಕಡೆ ತಿರುಗಿದಳು. "ಲೋ ಬರಿಗಾಲ್ ದೊರೆ. ನೆಲ ನಂದು, ನೆಲ ನಂದು ಅಂದ್ಯಲ್ಲ. ಹೌದು ಕಣೋ, ನಿಂದೇ. ಅದ್ಕೇ ಕಾಲು ಹಿಡ್ಕಂಡು ಒಳಿಕ್ಕೆ ಕರೀತಾ ಐತೆ. ಹೋಗ್ತೀಯಾ, ಇಲ್ಲ ನಡೀತೀಯಾ?"

ಥಿಯೋಡೋರ್ ಅವರು ನಡೆದರು. ಅದಕ್ಕೆ ಓಡಿದರು ಎನ್ನುವುದೇ ಸರಿ. ರುದ್ರಯ್ಯನವರು ಮಕಾಡೆ ಬಿದ್ದು, ಗಳ ಕಚ್ಚಿಹಿಡಿದು, ಹಲ್ಲಿಯಂತೆ ತೆವಳಿ ಗಟ್ಟಿ ನೆಲ ಸೇರಿದರು. ದಡ ಮುಟ್ಟುವವರೆಗೂ ಅವಳ ಬಾಯಿ ನಿಲ್ಲಲಿಲ್ಲ. ಸೋಮಯ್ಯ ಸತ್ತಂದಿನಿಂದ ಕೂಡಿಟ್ಟದ್ದೆಲ್ಲ ಆ ದಿನ ಈಚೆಗೆ ಬಂತು.

ದಡದಲ್ಲಿ ಇಸಾಬೆಲ್ ಎಲೆ ಅಡಿಕೆ ಕೊಟ್ಟರು, ಲಾಜರಸ್ ಕೊಟ್ಟರು. ರುದ್ರಯ್ಯನವರು ಕೆಸರು ಕೈಯಲ್ಲೇ ನೀಡಿದರು. ಭೂತಮ್ಮ ತೆಗೆದುಕೊಳ್ಳಲಿಲ್ಲ.

"ನಿಮ್ದು ಬ್ಯಾಡಿ ಬುದ್ಧಿ. ನಿಮ್ ಮ್ಯಾಲಿನ ಸಿಟ್ಟು ಇನ್ನೂ ಮುಗ್ದಿಲ್ಲ."

ಥಿಯೋಡೋರ್ ಅವರು ಬಾಯಿ ತೆರೆಯುವ ಮೊದಲೇ ಅವಳು ಗುಡಿಸಲಿಗೆ ಹೋಗಿ ಮಾಡಿನ ಹುಲ್ಲು ಕೀಳಲು ಶುರುಮಾಡಿದ್ದಳು. ಇಸಾಬೆಲ್ ತಮ್ಮನ ಎದುರು ನಿಂತು, "ಬೇಡ ಅನ್ನು. ಒಂದು ಮಾತು ಬೇಡ ಅನ್ನು" ಎಂದರು. ಅವರು ಅನ್ನಲಿಲ್ಲ. ಮಾತು ಮಾತೇ ಎಂದರು. ಅಂಥವರಿಗೆ ತಮ್ಮ ಮಾತು ನೆನಪಾಗುವುದು ಇನ್ನೊಬ್ಬರ ಮನೆ ಕೀಳುವಾಗ ಮಾತ್ರ. ರುದ್ರಯ್ಯನವರಿಗೆ ಅಂದು ಗಿರಾಕಿಯ ಆಸೆ ಹೋಯಿತು. ಆ ಎಸ್ಟೇಟಿಗೆ ನಮ್ಮ ಅಂಗಡಿಯಿಂದ ಒಂದು ಹಿಡಿ ಉಪ್ಪೂ ಹೋಗಲಿಲ್ಲ.

ಭೂತಮ್ಮ ಗಳ, ತಡಿಕೆ, ಮಡಕೆಗಳನ್ನು ಎಮ್ಮೆಯ ಬೆನ್ನಿನ ಮೇಲೆ ಹೇರಿ ಹಡ್ಲು ದಾಟಿಸಿ, ಆಚೆಯ ದಿಬ್ಬದ ಮೇಲೆ ಕಟ್ಟಿಕೊಂಡಳು. ಎಸ್ಟೇಟಿನ ಪಕ್ಕದ್ದಾದರೂ ಆ ದಿಬ್ಬ ಸರ್ಕಾರದ ಕಾವಲು, ದನ ಮೇಯುವ ನೆಲ, ಯಾರ ಪಟ್ಟೆಗೂ ಸೇರಿದ್ದಲ್ಲ. ಇದರಿಂದ ಏನಾಗುತ್ತದೆ ಎನ್ನುವುದನ್ನು ಥಿಯೋಡೋರ್ ಅವರು ಯೋಚಿಸಿರಲಿಲ್ಲ. ಈಚೆಯಿಂದ ಎಸ್ಟೇಟಿಗೆ ಹೋಗುವವರು ಇನ್ನು ಮುಂದೆ ದಡದಲ್ಲಿ ನಿಂತು ಅವಳನ್ನು ಕೂಗಿ ಕರೆಯಬೇಕಾಯಿತು. ಆಳುಗಳು ಕೂಗಿದರೆ ಕೂಡಲೇ ಬರುತ್ತಿದ್ದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂಗಿದರೆ ಸೌದೆ ಒಡೆದು ಮುಗಿಸಿ ಬರುತ್ತಿದ್ದಳು. ಥಿಯೋಡೋರ್ ಅವರು ತಮ್ಮ ಪರವಾಗಿ ಯಾರಿಂದ ಕೂಗಿಸಿದರೂ ಬರುತ್ತಿರಲಿಲ್ಲ. ಅವರೇ ನಿಂತು, ಗಂಟಲು ಬಿಚ್ಚಿ, "ಭೂತಮ್ಮಾ" ಎಂದು ಕೂಗಬೇಕಿತ್ತು. ದಿಬ್ಬದ ಮೇಲಿನಿಂದ ಮೊದಲು ಬೈಗುಳ ಬರುತ್ತಿತ್ತು, ಆಮೇಲೆ ಅವಳು. ಗುಡ್ಡ ಸುತ್ತಿ ಹೋಗಿ ಸೋತ ಮೇಲೆ ಅವರು ಕೂಗುವುದನ್ನು ಕಲಿತರು. ಎಲೆ ಅಡಿಕೆ ಕೊಡುವುದನ್ನು ಮಾತ್ರ ಕೊನೆಯವರೆಗೂ ಕಲಿಯಲಿಲ್ಲ.

ವರ್ಷಕ್ಕೊಮ್ಮೆ ತಂಬಾಕಿಗೆಂದು ಅವಳು ಆಲೂರಿಗೆ ಬರುತ್ತಿದ್ದಳು. ಅಂಗಡಿಯ ಮೆಟ್ಟಿಲ ಕೆಳಗೆ ನಿಂತು, ಗಿರಾಕಿಗಳ ಎದುರಿಗೇ ರುದ್ರಯ್ಯನವರನ್ನು ಬೈಯುತ್ತಿದ್ದಳು. ಅವರು ಪ್ರತಿ ಸಲವೂ ಎದ್ದು ಬಂದು ಎಲೆ ಅಡಿಕೆ ನೀಡುತ್ತಿದ್ದರು. ಅವಳು ಪ್ರತಿ ಸಲವೂ, "ಇನ್ನೂ ಮುಗ್ದಿಲ್ಲ ಬುದ್ಧಿ" ಎಂದು ತಂಬಾಕು ಮಾತ್ರ ಕಟ್ಟಿಕೊಂಡು ಹೋಗುತ್ತಿದ್ದಳು. ಒಂದು ವರ್ಷ ಅವಳು ಬರಲಿಲ್ಲ. ದಿಬ್ಬದ ಮೇಲೆ ಚಳಿಜ್ವರದಲ್ಲಿ ಹೋದಳೆಂದು ಲಾಜರಸ್ ಅವರ ಗಾಡಿಯವನು ಹೇಳಿದ. ರುದ್ರಯ್ಯನವರು ಆ ದಿನ ಅಂಗಡಿಯ ಬಾಗಿಲು ಹಾಕಿದರು.

ರುದ್ರಯ್ಯನವರು ಹಡ್ಲಿನಿಂದ ತೆವಳಿ ಈಚೆಗೆ ಬಂದ ಮಾರನೆಯ ವರ್ಷ ಜಗದಾಂಬಮ್ಮನವರಿಗೆ ಒಂದು ಗಂಡು ಮಗುವಾಯಿತು. ಅವರಿಗೆ ಹುಟ್ಟಿದ್ದು ಅದೊಂದೇ. ಈಗ ಆ ಅಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿರುವವನು ಅವನೇ. ತಂದೆಯ ಜೀವ ಭೂತಮ್ಮ ಕೊಟ್ಟದ್ದು, ಅದರಿಂದ ಬಂದ ನನ್ನ ಜೀವವೂ ಅವಳದೇ. ಅದಕ್ಕೆ ಅವಳು ತನ್ನ ಮನೆ ಕೊಟ್ಟಳು. ನಾನು ಅವಳಿಗೆ ಒಂದು ಮನೆಯ ಋಣಿ.